ಬಾವಲಿಯ ನಿದ್ರೆಯ ಲೆಕ್ಕ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರಕ್ಕೆ ಪಶ್ಚಿಮದಲ್ಲಿ ಸುಣ್ಣಕಲ್ಲಿನ ಬೆಟ್ಟಗಳಿವೆ. ಆ ಬೆಟ್ಟಗಳ ಹೊಟ್ಟೆಯಲ್ಲಿ ಹೌಸ್ ಗುಹೆ ಎಂಬ ದೊಡ್ಡದೊಂದು ಗುಹೆಯುಂಟು. ೨೦೦೬ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ ಅಲ್ಲಿಗೆ ಇಳಿದ ಗುಹಾನ್ವೇಷಕನೊಬ್ಬನು ಗೋಡೆಗೆ ಜೋತುಬಿದ್ದು ಮಲಗಿದ್ದ ಬಾವಲಿಗಳ ಛಾಯಾಚಿತ್ರವನ್ನು ತೆಗೆದುಕೊಂಡನು. ಆ ಬಾವಲಿಗಳ ಮೂತಿಯ ಮೇಲೆ ಅಕ್ಕಿಹಿಟ್ಟನ್ನು ಮೆತ್ತಿದಂತೆ ಬೆಳ್ಳಗೆ ಏನೋ ಕಾಣುತ್ತಿತ್ತು. ಅದು ಏನೆಂದು ಆಗ ಯಾರಿಗೂ ತಿಳಿಯಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ಆ ಸುತ್ತಿನ ಹಲವು ಗುಹೆಗಳಲ್ಲಿ ಬಾವಲಿಗಳು ಸಾವಿರಗಟ್ಟಲೆ ಸತ್ತುಬಿದ್ದುದನ್ನು ವನ್ಯಜೀವಿ ಇಲಾಖೆಯವರು ಕಂಡರು. ಇನ್ನು ಕೆಲವು, ಹಿಮ ಮುಚ್ಚಿದ ನೆಲದ ಮೇಲೆ, ಹಾಡೇಹಗಲಿನಲ್ಲಿ, ಒಂದು ಹುಳುವೂ ಸಿಕ್ಕದ ಕಾಲದಲ್ಲಿ, ಹುಳುಗಳನ್ನು ಹುಡುಕುತ್ತ ಹಾರಾಡಿ ಕೆಳಕ್ಕೆ ಬೀಳುತ್ತಿದ್ದುವು.

ಈ ಬೇನೆಗೆ ‘ಬಿಳಿಮೂತಿ ರೋಗ’ ಎಂದು ಹೆಸರಾಯಿತು. ಅಂದಿನಿಂದ ಇಂದಿನವರೆಗೆ ಅದು ಉತ್ತರ ಅಮೆರಿಕ ಖಂಡದಲ್ಲಿ ಹಲವು ದಶಲಕ್ಷ ಬಾವಲಿಗಳನ್ನು ಬಲಿ ತೆಗೆದುಕೊಂಡಿದೆ. ಸಣ್ಣ ಕಂದು ಬಾವಲಿ, ಉತ್ತರದ ಉದ್ದಗಿವಿ ಬಾವಲಿ, ತ್ರಿವರ್ಣ ಬಾವಲಿ ಎಂಬ ಮೂರು ಜಾತಿಗಳು ರೋಗ ಹೊಕ್ಕ ಎಡೆಗಳಲ್ಲಿ ಹತ್ತು ವರ್ಷ ತುಂಬುವುದರೊಳಗೆ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚಾಗಿ ನಾಶವಾದುವೆಂದು ೨೦೨೧ರಲ್ಲಿ ಪ್ರಕಟವಾದ ಗಣನೆಯಿಂದ ತಿಳಿದುಬಂದಿದೆ. ವನ್ಯಪ್ರಾಣಿಗಳ ಇತಿಹಾಸದಲ್ಲಿ ಇಷ್ಟು ಶೀಘ್ರವಾಗಿ ಇಷ್ಟು ಬಾವಲಿಗಳನ್ನು ಕೊಂದ ವ್ಯಾಧಿಯನ್ನು ಮನುಷ್ಯನು ಹಿಂದೆಂದೂ ಕಂಡಿರಲಿಲ್ಲ.

ಭೌತಶಾಸ್ತ್ರವನ್ನು ಪಾಠ ಹೇಳುವ ನಮಗೆ ಬಾವಲಿಯ ರೋಗದಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ಕೆಲಸವುಂಟು. ಈ ರೋಗವು ಕೊಲ್ಲುವ ಬಗೆಯನ್ನು ತಿಳಿಯಬೇಕಾದರೆ ಶಾಖದ ಲೆಕ್ಕವೊಂದನ್ನು ಮಾಡಬೇಕು. ಆ ಲೆಕ್ಕ ಮನಸ್ಸಿಗೆ ಹತ್ತಿತೆಂದರೆ, ಉಳಿದ ಬಾವಲಿಗಳನ್ನು ಕಾಪಾಡುವ ದಾರಿ ಯಾವುದೆಂಬುದೂ ತಾನಾಗಿ ಗೋಚರಿಸುತ್ತದೆ.

ಹಂಡೆಯ ನೀರು, ಲೋಟದ ಕಾಫಿ

ಬಚ್ಚಲಮನೆಯ ಹಂಡೆಯಲ್ಲಿ ಕಾದ ನೀರು ಒಲೆ ಆರಿದ ಮೇಲೂ ಬಹಳ ಹೊತ್ತು ಬಿಸಿಯಾಗಿರುತ್ತದೆ. ಲೋಟಕ್ಕೆ ಬಗ್ಗಿಸಿದ ಕಾಫಿಯಾದರೋ ಮಾತನಾಡುತ್ತಿರುವಷ್ಟರಲ್ಲಿ ಆರಿಹೋಗುತ್ತದೆ. ಶಾಖವು ಹೊರಕ್ಕೆ ಹೋಗುವುದು ಮೇಲ್ಮೈಯಿಂದ. ಶಾಖ ತುಂಬಿರುವುದು ಒಳಗಿನ ಗಾತ್ರದಲ್ಲಿ. ವಸ್ತುವು ಚಿಕ್ಕದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಆದ್ದರಿಂದ ಚಿಕ್ಕದು ಬೇಗ ತಣ್ಣಗಾಗುತ್ತದೆ.

ಪ್ರಾಣಿಗಳಿಗೂ ಇದೇ ನಿಯಮ. ಆನೆಯು ಹಂಡೆಯಾದರೆ ಬಾವಲಿಯು ಲೋಟ. ನಾವು ಮೇಲೆ ಹೇಳಿದ ಸಣ್ಣ ಕಂದು ಬಾವಲಿಯ ತೂಕ ಸುಮಾರು ಎಂಟು ಗ್ರಾಂ ಮಾತ್ರ. ಸಾಲದೆಂಬಂತೆ ಅದರ ರೆಕ್ಕೆಗಳು ರೋಮವಿಲ್ಲದ ತೆಳುವಾದ ತೊಗಲು. ಬೇಸಗೆಯಲ್ಲಿ ಅದು ರಾತ್ರಿಯೊಂದಕ್ಕೆ ತನ್ನ ತೂಕದ ಅರ್ಧದಷ್ಟು ಹುಳುಹುಪ್ಪಟೆಗಳನ್ನು ತಿಂದು ಈ ಶಾಖನಷ್ಟವನ್ನು ತುಂಬಿಕೊಳ್ಳುತ್ತದೆ. ಆದರೆ ಆ ಶೀತದೇಶದಲ್ಲಿ ಅಕ್ಟೋಬರಿನಿಂದ ಏಪ್ರಿಲಿನವರೆಗೆ ಹುಳುಗಳೇ ಇರುವುದಿಲ್ಲ. ಆರು ತಿಂಗಳು ಒಲೆಯನ್ನು ಉರಿಸಬೇಕು. ಸೌದೆ ಮಾತ್ರ ಇಲ್ಲ.

ಇಂಥ ಸಂದರ್ಭದಲ್ಲಿ ಬುದ್ಧಿವಂತನಾದ ಗೃಹಸ್ಥನು ಏನು ಮಾಡುವನೋ ಅದನ್ನೇ ಬಾವಲಿ ಮಾಡುತ್ತದೆ: ಒಲೆಯನ್ನು ಆರಿಸಿಬಿಡುತ್ತದೆ. ಶರತ್ಕಾಲದಲ್ಲಿ ಚೆನ್ನಾಗಿ ತಿಂದು ಎರಡು ಗ್ರಾಮಿನಷ್ಟು ಕೊಬ್ಬನ್ನು ಮೈಯಲ್ಲಿ ಕೂಡಿಟ್ಟುಕೊಂಡು ಗುಹೆಯನ್ನು ಸೇರುತ್ತದೆ. ಅಲ್ಲಿ ಅದರ ದೇಹೋಷ್ಣವು ಇಳಿಯುತ್ತ ಇಳಿಯುತ್ತ ಗುಹೆಯ ಗಾಳಿಗಿಂತ ಒಂದೆರಡು ಡಿಗ್ರಿಯಷ್ಟೇ ಹೆಚ್ಚಾಗಿ ನಿಲ್ಲುತ್ತದೆ. ಹಾರುವಾಗ ನಿಮಿಷಕ್ಕೆ ನೂರಾರು ಬಾರಿ ಮಿಡಿಯುತ್ತಿದ್ದ ಹೃದಯ ಈಗ ಹತ್ತಿಪ್ಪತ್ತು ಬಾರಿ ಮಿಡಿಯುತ್ತದೆ. ಈ ಸ್ಥಿತಿಗೆ ಶಿಶಿರನಿದ್ರೆ ಎನ್ನುತ್ತಾರೆ. ಇದನ್ನು ನಿದ್ರೆ ಎನ್ನುವುದಕ್ಕಿಂತ ಜೀವವನ್ನು ಕನಿಷ್ಠ ಖರ್ಚಿನಲ್ಲಿ ಹಿಡಿದಿಡುವ ಉಪಾಯವೆನ್ನುವುದು ಹೆಚ್ಚು ಸರಿ.

ಎಚ್ಚರದ ಬೆಲೆ

ಆದರೆ ಈ ನಿದ್ರೆಯು ಒಂದೇ ಸಮನಾಗಿ ಸಾಗುವುದಿಲ್ಲ. ಎರಡು ವಾರಕ್ಕೊಮ್ಮೆಯೋ ಇನ್ನೂ ಕೆಲವು ದಿನ ತಡೆದೋ ಬಾವಲಿ ತಾನಾಗಿ ಎಚ್ಚರಗೊಳ್ಳುತ್ತದೆ. ನೀರು ಕುಡಿಯುತ್ತದೆ, ಕೆಲವೊಮ್ಮೆ ಜಾಗ ಬದಲಾಯಿಸುತ್ತದೆ, ಒಂದೆರಡು ಗಂಟೆಯ ಬಳಿಕ ಮತ್ತೆ ತಣ್ಣಗಾಗುತ್ತದೆ. ಈ ಎಚ್ಚರಕ್ಕೆ ಎಷ್ಟು ಖರ್ಚು? ತರಗತಿಯಲ್ಲಿ ವಿಶಿಷ್ಟೋಷ್ಣದ ಲೆಕ್ಕ ಮಾಡಿಸುವಾಗ ನಾವು ತಾಮ್ರದ ಗುಂಡನ್ನು ತೆಗೆದುಕೊಳ್ಳುವುದು ವಾಡಿಕೆ. ಇಂದು ಬಾವಲಿಯನ್ನೇ ತೆಗೆದುಕೊಳ್ಳೋಣ.

ತೂಕ ಎಂಟು ಗ್ರಾಂ. ಪ್ರಾಣಿದೇಹದ ವಿಶಿಷ್ಟೋಷ್ಣ ನೀರಿನದಕ್ಕಿಂತ ಸ್ವಲ್ಪ ಕಡಿಮೆ, ಸುಮಾರು ೦.೮೩ ಎಂದಿಟ್ಟುಕೊಳ್ಳಬಹುದು. ಆರು ಡಿಗ್ರಿ ಸೆಂಟಿಗ್ರೇಡಿನಲ್ಲಿರುವ ಈ ದೇಹವು ಮೂವತ್ತಾರು ಡಿಗ್ರಿಗೆ, ಎಂದರೆ ಮೂವತ್ತು ಡಿಗ್ರಿಗಳಷ್ಟು, ಏರಬೇಕು. ಈ ಮೂರನ್ನೂ ಗುಣಿಸಿದರೆ ಸುಮಾರು ೨೦೦ ಕ್ಯಾಲರಿಗಳಾಗುತ್ತವೆ. (ಇವು ಭೌತಶಾಸ್ತ್ರದ ಸಣ್ಣ ಕ್ಯಾಲರಿಗಳು; ಆಹಾರದ ವಿಷಯದಲ್ಲಿ ಹೇಳುವ ಕ್ಯಾಲರಿ ಇದರ ಸಾವಿರದಷ್ಟು.) ಒಂದು ಗ್ರಾಂ ಕೊಬ್ಬು ಉರಿದರೆ ೯,೦೦೦ ಕ್ಯಾಲರಿಗಳಿಗಿಂತ ಸ್ವಲ್ಪ ಹೆಚ್ಚು ಶಾಖ ಬರುತ್ತದೆ. ಆದ್ದರಿಂದ ಮೈ ಬಿಸಿಯಾಗುವುದಕ್ಕೆ ಮಾತ್ರವೇ ೨೨ ಮಿಲಿಗ್ರಾಂ ಕೊಬ್ಬು ಬೇಕು. ಮೈ ಬಿಸಿಯಾಗುತ್ತಿರುವಾಗಲೂ ಆದ ಮೇಲೂ ಸುತ್ತಣ ಚಳಿಗೆ ಶಾಖವು ಸೋರಿಹೋಗುತ್ತಲೇ ಇರುತ್ತದೆ. ಆ ಸೋರಿಕೆಯನ್ನು ತುಂಬುವ ಖರ್ಚು ಇದಕ್ಕಿಂತ ಹಲವು ಪಾಲು ದೊಡ್ಡದು. ಕೆನಡಾದ ಶೋಧಕರು ೧೯೯೦ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ ಒಂದು ಎಚ್ಚರಕ್ಕೆ ಒಟ್ಟು ಸುಮಾರು ೧೦೮ ಮಿಲಿಗ್ರಾಂ ಕೊಬ್ಬು ವೆಚ್ಚವಾಗುತ್ತದೆ.

ಈಗ ಚಳಿಗಾಲದ ಆಯವ್ಯಯವನ್ನು ಬರೆಯೋಣ. ನೂರೆಂಬತ್ತು ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಎಂದರೆ ಹನ್ನೆರಡು ಎಚ್ಚರಗಳು. ಅದಕ್ಕೆ ೧.೩ ಗ್ರಾಂ ಕೊಬ್ಬು. ಉಳಿದ ಅಷ್ಟೂ ದಿನಗಳ ನಿದ್ರೆಗೆ ಕಾಲು ಗ್ರಾಂ. ಒಟ್ಟು ಸುಮಾರು ಒಂದೂವರೆ ಗ್ರಾಂ. ಕೂಡಿಟ್ಟದ್ದು ಎರಡು ಗ್ರಾಂ. ವಸಂತದಲ್ಲಿ ಹೊರಬಂದು ಮೊದಲ ಹುಳುವನ್ನು ಹಿಡಿಯುವುದಕ್ಕೆ ಬೇಕಾದ ಬಲ ಉಳಿಯುತ್ತದೆ. ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದುಂಟು. ಎಚ್ಚರವಾಗಿರುವುದು ಇಡೀ ಚಳಿಗಾಲದಲ್ಲಿ ಕೆಲವೇ ಗಂಟೆಗಳು. ಆದರೆ ಖರ್ಚಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಆ ಕೆಲವೇ ಗಂಟೆಗಳದ್ದು.

ಇದೇ ಬಾವಲಿಯು ಎರಡು ವಾರಕ್ಕೊಮ್ಮೆ ಏಳುವುದರ ಬದಲು ವಾರಕ್ಕೊಮ್ಮೆ ಏಳುವುದೆಂದು ಭಾವಿಸೋಣ. ಎಚ್ಚರಗಳು ಇಪ್ಪತ್ತೈದಾದುವು, ಅವಕ್ಕೇ ಬೇಕಾದದ್ದು ೨.೭ ಗ್ರಾಂ. ಇರುವುದು ಎರಡು ಗ್ರಾಂ. ಫೆಬ್ರವರಿ ಕಳೆಯುವುದರೊಳಗೆ ಕಣಜ ಬರಿದಾಯಿತು. ಹೊರಗೆ ಇನ್ನೂ ಹಿಮ ಬಿದ್ದಿದೆ. ಹಸಿದ ಬಾವಲಿ ಹಗಲಿನಲ್ಲೇ ಹೊರಕ್ಕೆ ಹಾರುತ್ತದೆ. ಅದರ ಗತಿ ಏನಾಯಿತೆಂಬುದನ್ನು ನಾವು ಮೊದಲೇ ನೋಡಿದ್ದೇವೆ.

ಬಿಳಿಯ ಬೂಷ್ಟು

ಬಾವಲಿಯನ್ನು ಹೀಗೆ ಪದೇ ಪದೇ ಎಬ್ಬಿಸುವುದು ಒಂದು ಬೂಷ್ಟು. ವಿಜ್ಞಾನದ ಭಾಷೆಯಲ್ಲಿ ಶಿಲೀಂಧ್ರ. ಅದನ್ನು ೨೦೦೯ರಲ್ಲಿ ಗುರುತಿಸಿ ಹೆಸರಿಟ್ಟರು. ೨೦೧೩ರಿಂದ ಅದಕ್ಕೆ ಸ್ಯೂಡೋಜಿಮ್ನೋಆಸ್ಕಸ್ ಡಿಸ್ಟ್ರಕ್ಟನ್ಸ್ ಎಂಬ ಹೆಸರು ನಿಂತಿದೆ. ಆರೋಗ್ಯವಾಗಿದ್ದ ಬಾವಲಿಗಳಿಗೆ ಈ ಬೂಷ್ಟನ್ನು ಹಚ್ಚಿದರೆ ರೋಗವು ಬರುವುದೆಂಬುದನ್ನು ೨೦೧೧ರಲ್ಲಿ ಪ್ರಯೋಗದಿಂದ ಸ್ಥಾಪಿಸಲಾಯಿತು.

ಇದು ಚಳಿಯನ್ನು ಬಯಸುವ ಬೂಷ್ಟು. ಹನ್ನೆರಡೂವರೆಯಿಂದ ಹದಿನಾರು ಡಿಗ್ರಿಯೊಳಗೆ ಅತ್ಯಂತ ಚೆನ್ನಾಗಿ ಬೆಳೆಯುತ್ತದೆ. ಅದಕ್ಕಿಂತ ತಣ್ಣಗಿದ್ದರೂ ನಿಧಾನವಾಗಿ ಬೆಳೆಯುತ್ತದೆ. ಇಪ್ಪತ್ತು ಡಿಗ್ರಿಯನ್ನು ಮುಟ್ಟಿದರೆ ಬೆಳವಣಿಗೆ ನಿಲ್ಲುತ್ತದೆ. ಎಚ್ಚರವಿರುವ ಬಾವಲಿಯ ಬಿಸಿಮೈಯಲ್ಲಿ ಅದಕ್ಕೆ ಎಡೆಯಿಲ್ಲ. ನಿದ್ರಿಸುವ ಬಾವಲಿಯ ಮೈ ಗುಹೆಯಷ್ಟೇ ತಣ್ಣಗೆ. ಜೊತೆಗೆ ರೋಗವನ್ನು ಎದುರಿಸುವ ದೇಹದ ಕಾವಲೂ ಆಗ ಮಂಕಾಗಿರುತ್ತದೆ. ಕಾವಲುಗಾರನು ತೂಕಡಿಸುತ್ತಿರುವ ಮನೆಗೆ ಕಳ್ಳನು ನುಗ್ಗಿದಂತೆ ಬೂಷ್ಟು ಒಳಹೊಗುತ್ತದೆ. ಮೂತಿಯ ಮೇಲಿನ ಬಿಳುಪು ಕಣ್ಣಿಗೆ ಕಾಣುವ ಗುರುತು ಮಾತ್ರ. ನಿಜವಾದ ಹಾನಿಯಾಗುವುದು ರೆಕ್ಕೆಯ ತೊಗಲಿಗೆ. ತೊಗಲನ್ನು ಕೊರೆದು ಬೂಷ್ಟು ಹುಣ್ಣುಮಾಡುತ್ತದೆ. ಹರಿದ ತೊಗಲಿನಿಂದ ಮೈಯ ನೀರು ಆವಿಯಾಗುತ್ತದೆ, ಬಾಯಾರಿಕೆಯೇ ಬಾವಲಿಯನ್ನು ಎಬ್ಬಿಸುತ್ತದೆ ಎಂದು ಹಲವು ಶೋಧಕರ ಅಭಿಪ್ರಾಯ. ೨೦೧೪ರ ಅಳತೆಗಳಲ್ಲಿ ಇನ್ನೊಂದು ಸಂಗತಿ ಕಂಡುಬಂತು: ಎಚ್ಚರಗಳು ಹೆಚ್ಚುವುದಕ್ಕೆ ಮೊದಲೇ ರೋಗಿಷ್ಠ ಬಾವಲಿಗಳು ಸುಮಾರು ಎರಡರಷ್ಟು ಶಕ್ತಿಯನ್ನು ವ್ಯಯಮಾಡುತ್ತಿದ್ದುವು, ಅವುಗಳ ರಕ್ತದಲ್ಲಿ ಆಮ್ಲತೆಯೂ ಪೊಟ್ಯಾಸಿಯಂ ಅಂಶವೂ ಏರಿದ್ದುವು. ಕೊನೆಗೆ ಫಲ ಒಂದೇ. ೨೦೧೨ರ ಪ್ರಯೋಗವೊಂದರಲ್ಲಿ ಚಳಿಗಾಲದ ಕೊನೆಯ ಭಾಗದಲ್ಲಿ ರೋಗ ತಗಲಿದ ಬಾವಲಿಗಳು ಉಳಿದವುಗಳಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚಾಗಿ ಎಚ್ಚರಗೊಂಡುವು. ಬೂಷ್ಟು ಬಾವಲಿಯನ್ನು ತಿಂದು ಮುಗಿಸುವುದಿಲ್ಲ, ದಿವಾಳಿಮಾಡಿ ಕೊಲ್ಲುತ್ತದೆ.

ಈ ಬೂಷ್ಟು ಅಮೆರಿಕದ್ದಲ್ಲ. ಯುರೋಪ್, ಏಷ್ಯಾ ಖಂಡಗಳ ಗುಹೆಗಳಲ್ಲಿ ಇದು ಬಹುಕಾಲದಿಂದ ಇದೆ; ಅಲ್ಲಿಯ ಬಾವಲಿಗಳು ಅದರೊಡನೆ ಬಾಳಲು ಕಲಿತಿವೆ. ೨೦೨೫ರಲ್ಲಿ ಪ್ರಕಟವಾದ ಅನುವಂಶಿಕ ಸಂಶೋಧನೆಯು ಅಮೆರಿಕಕ್ಕೆ ಬಂದ ಬೂಷ್ಟಿನ ಮೂಲವನ್ನು ಉಕ್ರೇನ್ ದೇಶದ ಗುಹೆಗಳ ಕಡೆಗೆ ತೋರಿಸುತ್ತದೆ. ಬಾವಲಿ ಅಟ್ಲಾಂಟಿಕ್ ಸಾಗರವನ್ನು ದಾಟಲಾರದು. ದಾಟುವವನು ಮನುಷ್ಯ, ಅವನ ಬೂಟಿನ ಮಣ್ಣಿನಲ್ಲಿಯೋ ಹಗ್ಗದ ಎಳೆಯಲ್ಲಿಯೋ ಕಣ್ಣಿಗೆ ಕಾಣದ ಬೀಜಕಣಗಳು ದಾಟಿ ಬಂದಿರಬೇಕು. ಅದೇ ಸಂಶೋಧನೆಯಿಂದ ತಿಳಿದ ಇನ್ನೊಂದು ಸಂಗತಿ ಹೆಚ್ಚು ಚಿಂತೆಗೆ ಕಾರಣವಾದದ್ದು. ಈ ರೋಗವನ್ನು ತರುವ ಬೂಷ್ಟಿನಲ್ಲಿ ಎರಡು ಜಾತಿಗಳಿವೆ. ಅಮೆರಿಕವನ್ನು ಹೊಕ್ಕಿರುವುದು ಅವುಗಳಲ್ಲಿ ಒಂದು ಮಾತ್ರ.

ಕಾಪಾಡುವ ದಾರಿಗಳು

ಹಾಗಾದರೆ ಮಾಡಬೇಕಾದದ್ದೇನು? ನಮ್ಮ ಲೆಕ್ಕವೇ ಉತ್ತರವನ್ನು ಹೇಳುತ್ತದೆ: ಬೀಜಕಣವನ್ನು ಹೊಸ ಗುಹೆಗೆ ಒಯ್ಯಬಾರದು, ಬಾವಲಿಯನ್ನು ಎಬ್ಬಿಸಬಾರದು, ಸಾಧ್ಯವಾದರೆ ಅದರ ಜಮೆಯನ್ನು ಹೆಚ್ಚಿಸಬೇಕು.

ಮೊದಲನೆಯದು ಶುಚಿತ್ವ. ರೋಗವು ಬಾವಲಿಯಿಂದ ಬಾವಲಿಗೆ ಹರಡುವುದೇ ಹೆಚ್ಚು. ಅದನ್ನು ನಾವು ತಡೆಯಲಾರೆವು. ಆದರೆ ೨೦೧೬ರ ಮಾರ್ಚಿಯಲ್ಲಿ ಪಶ್ಚಿಮ ಕರಾವಳಿಯ ವಾಷಿಂಗ್ಟನ್ ರಾಜ್ಯದಲ್ಲಿ ರೋಗ ತಗಲಿದ ಬಾವಲಿಯೊಂದು ಸಿಕ್ಕಿದಾಗ, ಅದಕ್ಕೆ ಅತಿ ಸಮೀಪದ ರೋಗಸ್ಥಾನವು ಸುಮಾರು ೨,೦೦೦ ಕಿಲೋಮೀಟರು ದೂರದಲ್ಲಿತ್ತು. ಇಂಥ ನೆಗೆತಕ್ಕೆ ಮನುಷ್ಯನೇ ವಾಹನವಾದನೆಂಬ ಸಂದೇಹ ಸಹಜ. ಬೀಜಕಣಗಳು ಬಾವಲಿಗಳಿಲ್ಲದ ಗುಹೆಯ ಮಣ್ಣಿನಲ್ಲಿಯೂ ವರ್ಷಗಟ್ಟಲೆ ಜೀವದಿಂದಿರಬಲ್ಲುವು. ಆದರೆ ಚಳಿಯನ್ನು ಮೆಚ್ಚುವ ಈ ಜೀವಿಗೆ ಶಾಖವೇ ಶತ್ರು. ಗುಹೆಯಿಂದ ಹೊರಬಂದವರು ಬಟ್ಟೆಬರೆ, ಹಗ್ಗ ಮುಂತಾದವುಗಳ ಮಣ್ಣನ್ನು ತೊಳೆದು, ೫೫ ಡಿಗ್ರಿಗಿಂತ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ಕನಿಷ್ಠ ಐದು ನಿಮಿಷ ಮುಳುಗಿಸಿಡಬೇಕೆಂದು ಅಲ್ಲಿ ವಿಧಿಸಿದ್ದಾರೆ. ಒಂದು ಬಕೆಟ್ ಬಿಸಿನೀರು ಒಂದು ಗುಹೆಯ ಪ್ರಾಣವನ್ನು ಉಳಿಸಬಹುದು.

ಎರಡನೆಯದು ಏಕಾಂತ. ನಿದ್ರಿಸುವ ಬಾವಲಿಯ ಸಮೀಪಕ್ಕೆ ದೀಪ ಹಿಡಿದು ಹೋಗುವವನು, ಅದನ್ನು ಮುಟ್ಟದಿದ್ದರೂ, ನೂರು ಮಿಲಿಗ್ರಾಂ ಕೊಬ್ಬನ್ನು ಕದ್ದಂತಾಗಬಹುದು. ಆದ್ದರಿಂದ ಹಲವು ಗುಹೆಗಳಿಗೆ ಚಳಿಗಾಲದಲ್ಲಿ ಪ್ರವೇಶವನ್ನು ನಿಲ್ಲಿಸಿದ್ದಾರೆ. ಕೆಲವಕ್ಕೆ ಉಕ್ಕಿನ ಕಂಬಿಗಳ ಬಾಗಿಲನ್ನು ಇಟ್ಟಿದ್ದಾರೆ. ಅಡ್ಡಕಂಬಿಗಳ ನಡುವೆ ಸುಮಾರು ೧೫ ಸೆಂಟಿಮೀಟರು ಎಡೆ. ಬಾವಲಿ ನುಸುಳುತ್ತದೆ, ಮನುಷ್ಯ ನುಸುಳಲಾರನು. ಇಲ್ಲಿ ಭೌತಶಾಸ್ತ್ರದ ಎಚ್ಚರಿಕೆಯೊಂದು ಅಗತ್ಯ. ಗುಹೆಯು ಉಸಿರಾಡುತ್ತದೆ, ಚಳಿಗಾಲದ ತಣ್ಣನೆಯ ಗಾಳಿ ಬಾಯಿಯಿಂದ ಒಳಗಿಳಿದು ಅದನ್ನು ತಂಪಾಗಿಡುತ್ತದೆ. ಇಂಡಿಯಾನಾ ರಾಜ್ಯದ ವೈಯಂಡಾಟ್ ಗುಹೆಯ ಬಾಯಿಗೆ ಹಿಂದೆ ಕಲ್ಲಿನ ಗೋಡೆ ಕಟ್ಟಿದ್ದರು. ಗಾಳಿಯ ಸಂಚಾರ ಕುಂದಿ ಒಳಗೆ ಬೆಚ್ಚಗಾಯಿತು; ಬಾವಲಿಗಳು ಬೇಗ ತೂಕ ಕಳೆದುಕೊಂಡುವು, ಸಂಖ್ಯೆ ಕುಸಿಯಿತು. ೧೯೭೦ರ ದಶಕದ ಕೊನೆಯಲ್ಲಿ ಗೋಡೆಯನ್ನು ಕೆಡವಿದ ಬಳಿಕ ಅವು ಮತ್ತೆ ಸಾವಿರಗಟ್ಟಲೆಯಾದುವು. ತಂಪಾದ ಗುಹೆಯಿಂದ ಎರಡು ಲಾಭ: ನಿದ್ರೆಯ ಖರ್ಚೂ ಕಡಿಮೆ, ಬೂಷ್ಟಿನ ಬೆಳವಣಿಗೆಯೂ ಮಂದ. ಆದುದರಿಂದಲೇ ಈಗ ಕೆಲವೆಡೆ ಹಳೆಯ ಗಣಿಗಳಿಗೆ ಹೆಚ್ಚು ತಣ್ಣನೆಯ ಗಾಳಿ ನುಗ್ಗುವಂತೆ ಮಾಡಿ ನೋಡುತ್ತಿದ್ದಾರೆ.

ಮೂರನೆಯದು ಔಷಧೋಪಚಾರ. ೨೦೧೮ರಲ್ಲಿ ಪ್ರಕಟವಾದ ಸಂಗತಿಯೊಂದು ಬಹು ಸ್ವಾರಸ್ಯವಾದದ್ದು. ಕತ್ತಲಿನಲ್ಲಿ ದೀರ್ಘಕಾಲ ಬಾಳಿದ ಈ ಬೂಷ್ಟು, ಬೆಳಕಿನಿಂದ ತನ್ನ ಅನುವಂಶಿಕ ದ್ರವ್ಯಕ್ಕೆ ಆಗುವ ಗಾಯವನ್ನು ಸರಿಪಡಿಸಿಕೊಳ್ಳುವ ಒಂದು ಮುಖ್ಯ ಕಿಣ್ವವನ್ನೇ ಕಳೆದುಕೊಂಡಿದೆ. ಸೂರ್ಯನ ಬೆಳಕಿನಲ್ಲಿದ್ದರೂ ವಾಯುಮಂಡಲದ ಓಜೋನ್ ಪದರ ತಡೆದುಬಿಡುವ ಕಿರು ತರಂಗಾಂತರದ ಅತಿನೇರಿಳೆ ಕಿರಣಗಳನ್ನು ದೀಪದಿಂದ ಕೆಲವು ಸೆಕೆಂಡುಗಳ ಕಾಲ ಬೀರಿದರೆ ಅದು ಬಹುಮಟ್ಟಿಗೆ ಸತ್ತುಹೋಗುತ್ತದೆ. ಲಸಿಕೆಗಳನ್ನೂ, ಬೂಷ್ಟನ್ನು ತಡೆಯುವ ಸೂಕ್ಷ್ಮಜೀವಿಗಳನ್ನೂ ಪರೀಕ್ಷಿಸಿದ್ದಾರೆ. ಇವೆಲ್ಲಕ್ಕೂ ಎದುರಾಗುವ ತೊಡಕು ಒಂದೇ: ಕಗ್ಗತ್ತಲೆಯ ಗುಹೆಗಳಲ್ಲಿ ಲಕ್ಷಗಟ್ಟಲೆ ಮಲಗಿರುವ ರೋಗಿಗಳನ್ನು ಎಬ್ಬಿಸದೆ ಚಿಕಿತ್ಸೆಮಾಡುವುದು ಹೇಗೆ? ಚಿಕಿತ್ಸೆಯೇ ಎಚ್ಚರಕ್ಕೆ ಕಾರಣವಾದರೆ ವೈದ್ಯನೂ ರೋಗದ ಪಕ್ಷವನ್ನೇ ವಹಿಸಿದಂತಾಗುತ್ತದೆ.

ನಾಲ್ಕನೆಯದು ಜಮೆಯನ್ನು ಹೆಚ್ಚಿಸುವುದು. ರೋಗ ಬಂದು ಹೋದ ಮೇಲೂ ನ್ಯೂಯಾರ್ಕ್ ಮೊದಲಾದ ಕಡೆಗಳ ಕೆಲವು ಗುಹೆಗಳಲ್ಲಿ ಸಣ್ಣ ಕಂದು ಬಾವಲಿಗಳು ಉಳಿದುಕೊಂಡಿವೆ. ೨೦೧೯ರ ಅಧ್ಯಯನದಲ್ಲಿ ಇವು ಹಿಂದಿನವುಗಳಿಗಿಂತ ಹೆಚ್ಚು ಕೊಬ್ಬನ್ನು ಹೊತ್ತು ನಿದ್ರೆಗೆ ಇಳಿಯುತ್ತಿದ್ದುವೆಂದು ಕಂಡುಬಂತು. ನಮ್ಮ ಆಯವ್ಯಯದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೆ? ಗುಹೆಗಳ ಸುತ್ತಣ ಕಾಡು, ಕೆರೆ, ಜೌಗುನೆಲಗಳನ್ನು ಉಳಿಸಿದರೆ ಶರತ್ಕಾಲದಲ್ಲಿ ಹುಳುಗಳು ದೊರೆಯುತ್ತವೆ. ಹುಳುಗಳು ದೊರೆತರೆ ಕೊಬ್ಬು ಕೂಡುತ್ತದೆ. ಹೆಣ್ಣುಬಾವಲಿಯು ವರ್ಷಕ್ಕೆ ಒಂದೇ ಮರಿಯನ್ನು ಹಾಕುವುದರಿಂದ ಕಳೆದುಹೋದ ಸಂಖ್ಯೆ ಮರಳಿ ಬರುವುದಕ್ಕೆ ಬಹುಕಾಲ ಬೇಕು. ಆದುದರಿಂದ ಉಳಿದ ಒಂದೊಂದೂ ಅಮೂಲ್ಯವಾದದ್ದು.

ನಮಗೇನು?

ಬಾವಲಿ ಸತ್ತರೆ ಮನುಷ್ಯನಿಗೇನು ನಷ್ಟ ಎನ್ನುವವರುಂಟು. ಈ ರೋಗವು ಮನುಷ್ಯನಿಗೆ ತಗಲುವುದಿಲ್ಲವೆಂಬುದು ನಿಜ. ಆದರೆ ಅಮೆರಿಕದ ಅರ್ಥಶಾಸ್ತ್ರಜ್ಞರೊಬ್ಬರು ೨೦೨೪ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೊಂದು ಸತ್ಯವನ್ನು ಹೇಳುತ್ತದೆ. ಬಾವಲಿಗಳು ನಾಶವಾದ ಜಿಲ್ಲೆಗಳಲ್ಲಿ ಬೆಳೆಯ ಹುಳುಗಳನ್ನು ತಿನ್ನುವವರಿಲ್ಲದೆ ರೈತರು ಕೀಟನಾಶಕಗಳನ್ನು ಸರಾಸರಿ ಶೇಕಡ ೩೧ರಷ್ಟು ಹೆಚ್ಚಾಗಿ ಸಿಂಪಡಿಸಿದರು. ಅದೇ ಜಿಲ್ಲೆಗಳಲ್ಲಿ, ಅಪಘಾತಾದಿಗಳನ್ನು ಬಿಟ್ಟು ಇತರ ಕಾರಣಗಳಿಂದಾಗುವ ಶಿಶುಮರಣವು ಶೇಕಡ ೮ರಷ್ಟು ಏರಿತು. ಗುಹೆಯ ಕತ್ತಲೆಯಲ್ಲಿ ಎಂಟು ಗ್ರಾಂ ತೂಗುವ ಪ್ರಾಣಿಯ ನಿದ್ರೆಗೂ ತೊಟ್ಟಿಲಿನ ಕೂಸಿಗೂ ಇಂಥದೊಂದು ಸಂಬಂಧವಿರಬಹುದೆಂದು ಯಾರು ಊಹಿಸಿದ್ದರು?

ನಮ್ಮ ನಾಡಿನ ಬಾವಲಿಗಳಿಗೂ ಈ ಭಯವುಂಟೆ ಎಂಬ ಪ್ರಶ್ನೆ ವಾಚಕರಿಗೆ ಬರುವುದು ಸಹಜ. ಆಳವಾದ ಗುಹೆಯ ಉಷ್ಣತೆಯು ಆ ಊರಿನ ಇಡೀ ವರ್ಷದ ಸರಾಸರಿ ಉಷ್ಣತೆಗೆ ಸಮೀಪವಾಗಿರುತ್ತದೆ. ಹೌಸ್ ಗುಹೆಯಿರುವ ಬೆಟ್ಟದೊಳಗೆ ಅದು ಸುಮಾರು ೧೧ ಡಿಗ್ರಿ. ಬೆಂಗಳೂರಿನ ವಾರ್ಷಿಕ ಸರಾಸರಿ ಸುಮಾರು ೨೪ ಡಿಗ್ರಿ. ಇಪ್ಪತ್ತು ಡಿಗ್ರಿಯಲ್ಲೇ ನಿಂತುಹೋಗುವ ಬೂಷ್ಟಿಗೆ ಕರ್ನಾಟಕದ ಗುಹೆಗಳು ಹಿಡಿಸಲಾರವು. ನಮ್ಮ ಬಾವಲಿಗಳಿಗೆ ಆರು ತಿಂಗಳ ಶಿಶಿರನಿದ್ರೆಯೂ ಇಲ್ಲ. ಆದರೆ ನೆಮ್ಮದಿಯನ್ನು ಕೆಡಿಸಬಾರದೆಂಬ ಪಾಠ ಇಲ್ಲಿಗೂ ಸಲ್ಲುತ್ತದೆ. ಬೆಳಗಾವಿ ಜಿಲ್ಲೆಯ ಭೀಮಗಡದ ಕಾಡಿನಲ್ಲಿರುವ ಬಾರಾಪೇಡೆ ಗುಹೆಯು ಅತಿ ವಿರಳವಾದ ರಾಟನ್‌ನ ಬಾವಲಿಯ ನೆಲೆ; ಆ ಜಾತಿ ವಿಜ್ಞಾನಕ್ಕೆ ಮೊದಲು ಪರಿಚಯವಾದದ್ದೂ ಅಲ್ಲಿಂದಲೇ. ಅಂಥ ನೆಲೆಯೊಳಗೆ ಕುತೂಹಲಕ್ಕೆಂದು ದೀಪ ಹಿಡಿದು ನುಗ್ಗುವುದು ವಿವೇಕವಲ್ಲ.

ಅಮೆರಿಕದ ಗುಹೆಗಳಲ್ಲಿ ಪ್ರತಿ ವರ್ಷವೂ ಚಳಿಗಾಲದ ನಡುವೆ ಶೋಧಕರು ಬಾವಲಿಗಳನ್ನು ಎಣಿಸುತ್ತಾರೆ. ನಿದ್ರೆ ಕೆಡದಿರಲೆಂದು ಅನೇಕ ಕಡೆ ಪ್ರತಿ ಚಳಿಗಾಲವೂ ಒಳಗೆ ಹೋಗದೆ ಒಂದು ವರ್ಷ ಬಿಟ್ಟು ಒಂದು ವರ್ಷ ಹೋಗುತ್ತಾರೆ. ಬೇಗ ಎಣಿಸಿ, ಮಾತಿಲ್ಲದೆ ಹೊರಬರುತ್ತಾರೆ. ಎಚ್ಚರದ ಬೆಲೆಯನ್ನು ಬಲ್ಲವರ ನಡವಳಿಕೆ ಅದು. ಪ್ರಕೃತಿಯ ಒಂದು ಪ್ರಾಣಿಗೆ ಮನುಷ್ಯನು ಮಾಡಬಹುದಾದ ಉಪಕಾರಗಳಲ್ಲಿ, ಅದನ್ನು ಅದರ ಪಾಡಿಗೆ ಮಲಗಗೊಡುವುದೂ ಒಂದು.